ಭೂಪಾಲಣ್ಣ ಓದದೆ ಬಿಟ್ಟ ಸಾಲು

ಹೋದ ವಾರ ಕಣ್ಣು ತೋರಿಸಿಕೊಳ್ಳಲು ಮೀರಜಿಗೆ ಹೊರಟಿದ್ದೆ. ಬಸ್ಸು ಕಾಗವಾಡದ ಹತ್ತಿರ ಬಂದಾಗ ಕಿಟಕಿಯಿಂದ ಆ ವಾಸನೆ ಒಳನುಗ್ಗಿತು. ಕುದಿಯುವ ಕಬ್ಬಿನ ಹಾಲು, ಕಾಕಂಬಿ, ಸುಟ್ಟ ಸಿಪ್ಪೆಯ ಬೂದಿ, ಎಲ್ಲ ಕಲೆತ ವಾಸನೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಯಿತೆಂದರೆ ನಮ್ಮ ಸೀಮೆಯಲ್ಲಿ ಇದರಿಂದ ಯಾರಿಗೂ ಬಿಡುಗಡೆಯಿಲ್ಲ. ಪಕ್ಕದ ಸೀಟಿನ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ ಘಾಟ ಐತೆವ್ವಾ ಇದು" ಎಂದಳು. ಹೌದು ಅನ್ನುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. "ಯಾಕಬೇ, ಕಣ್ಣು ಉರ್ಯಾಕತ್ತಾವೇನ?" ಎಂದಳು. ಹೌದು, ಅದಕ್ಕೇ ದವಾಖಾನೆಗೆ ಹೊರಟಿದ್ದೇನೆ ಎಂದೆ. ಸುಳ್ಳು ಹೇಳುವುದರಲ್ಲಿ ನಾನು ಮೊದಲಿನಿಂದಲೂ ಚುರುಕು. ಉಗಾರದ ಕಡೆ ತಿರುಗುವ ರಸ್ತೆ ಬಂತು, ಹೋಯಿತು. ನಾನು ಆ ಕಡೆ ನೋಡಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಆ ಹಂಗಾಮಿನಲ್ಲಿ ನಾನು ಚಿಕ್ಕೋಡಿಯ ಒಂದು ಸಣ್ಣ ಕಂಪ್ಯೂಟರ್ ಆಫೀಸಿನಲ್ಲಿದ್ದೆ. ಹುಟ್ಟೂರು ಕರೋಶಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಅಥಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಸರ್ವರ್ ನನ್ನ ಜವಾಬ್ದಾರಿ. ಕಾರ್ಖಾನೆಯ ಹೆಸರು ಬೇಡ. ನಮ್ಮಲ್ಲಿ ಚಿಮಣಿ ಕಾಣದ ಊರು ಕಡಿಮೆ, ಯಾವುದೋ ಒಂದು ಅಂದುಕೊಳ್ಳಿ. ಅದು ಲಿನಕ್ಸ್ ಯಂತ್ರ. ಅದನ್ನು ನಾನು ಕಣ್ಣಾರೆ ಕಂಡದ್ದು ಎರಡೇ ಸಲ. ಉಳಿದ ಕೆಲಸವೆಲ್ಲ ಚಿಕ್ಕೋಡಿಯ ನನ್ನ ಕುರ್ಚಿಯಿಂದಲೇ ನಡೆಯುತ್ತಿತ್ತು. ಇಲ್ಲಿ ಬೆರಳಾಡಿಸಿದರೆ ಎರಡು ತಾಸಿನ ದಾರಿಯಾಚೆ ಅಲ್ಲಿ ಯಂತ್ರ ಕೇಳುತ್ತಿತ್ತು. ಆ ಅಧಿಕಾರದ ಸೊಕ್ಕು ನನಗೆ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ.

ಕಬ್ಬಿನ ಟ್ರ್ಯಾಲಿಗಳನ್ನು ತೂಗುವ ಎರಡು ಕಾಟಾಗಳೂ ಆ ಸರ್ವರಿಗೇ ಜೋಡಣೆಯಾಗಿದ್ದವು. ಸರ್ವರ್ ಮಾತು ನಿಲ್ಲಿಸಿದರೆ ಕಾಟಾ ನಿಲ್ಲುತ್ತದೆ, ಕಾಟಾ ನಿಂತರೆ ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆಗೆ ಬರುತ್ತದೆ. ಕಡಿದ ಕಬ್ಬು ಬಿಸಿಲಿಗೆ ನಿಂತಷ್ಟೂ ಒಣಗುತ್ತದೆ. ಆಮೇಲೆ ರೈತರ ಬಾಯಿಗೆ ಸಿಕ್ಕವರ ಗತಿ ದೇವರೇ ಬಲ್ಲ.

ಅಲ್ಲಿ ನನ್ನ ಕೈಯಾಗಿದ್ದವರು ಕಾಟಾ ಕ್ಲಾರ್ಕ ಭೂಪಾಲ ಪಾಟೀಲ, ನನಗೆ ಭೂಪಾಲಣ್ಣ. ಉಗಾರ ಬುದ್ರುಕದ ಜೈನ ರೈತರ ಮನೆತನದವರು, ಐವತ್ತರ ಹತ್ತಿರದ ವಯಸ್ಸು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಕಂಪ್ಯೂಟರ್ ಕಲಿತವರಲ್ಲ. ಯಂತ್ರಕ್ಕೆ ಏನಾದರೂ ಆಗಿ ನನ್ನ ಕೈಗೆ ಸಿಗದೇ ಹೋದಾಗ ಅವರೇ ಸರ್ವರ್ ಕೋಣೆಗೆ ಹೋಗಿ, ಅಲ್ಲಿನ ಫೋನಿನಲ್ಲಿ ನಾನು ಹೇಳಿದ ಅಕ್ಷರಗಳನ್ನು ಒಂದೇ ಬೆರಳಿನಿಂದ ಒತ್ತುತ್ತಿದ್ದರು. ಬಿ, ಡಿ, ಪಿ, ಟಿ ಎಲ್ಲ ಫೋನಿನಲ್ಲಿ ಒಂದೇ ಥರ ಕೇಳುತ್ತವಲ್ಲ, ಅದಕ್ಕೆ ಅವರೇ ಒಂದು ಉಪಾಯ ಹುಡುಕಿದ್ದರು. ಅಥಣಿಯ ಎ, ಚಿಕ್ಕೋಡಿಯ ಸಿ, ನಿಪ್ಪಾಣಿಯ ಎನ್, ರಾಯಬಾಗದ ಆರ್, ಉಗಾರದ ಯು, ಪುಣೆಯ ಪಿ. ಐ ಅಂದರೆ ಇಚಲಕರಂಜಿ. ಎಫ್‌ಗೆ ಮಾತ್ರ ಯಾವ ಊರೂ ಸಿಗದೆ, ಹುರಿಗಡಲೆಯ ಹೆಸರು ಹಿಡಿದು ಫುಟಾಣಿಯ ಎಫ್ ಎಂದು ಇಟ್ಟಿದ್ದರು. "ಅಕ್ಕಾರ, ನಿಮ್ಮ ಕಂಪ್ಯೂಟರದಾಗ ನಾ ಎಷ್ಟ ಊರು ತಿರಗ್ಯಾಡೇನಿ ಅಂದ್ರ, ನಮ್ಮ ಡ್ರಾಯವರ್ ಮಂದೀನೂ ತಿರಗಿಲ್ರಿ" ಎಂದು ನಗುತ್ತಿದ್ದರು. ನನಗಿಂತ ಹದಿನೆಂಟು ವರ್ಷ ಹಿರಿಯರು. ಆದರೂ ನಾನು ಹೇಳಿಕೊಡುವವಳೆಂದು ಶಾಲೆಯ ಟೀಚರಿಗೆ ಅನ್ನುವಂತೆ ಅಕ್ಕಾರ ಅನ್ನುವರು.

ಆ ವರ್ಷ ಪುಷ್ಯದ ಚಳಿ ಬಲವಾಗಿತ್ತು. ಆಗಲೇ ಅವರ ತಾಯಿ ಚಂಪವ್ವ ಸಲ್ಲೇಖನ ವ್ರತ ಹಿಡಿದರು. ಎಂಬತ್ತಾರರ ಮುದುಕಿ, ಡಾಕ್ಟರು ಇನ್ನು ಮನೆಗೇ ಕರೆದೊಯ್ಯಿರಿ ಎಂದಿದ್ದರು. ಊರಿನ ಬಸದಿಗೆ ಬಂದಿದ್ದ ಮುನಿಗಳ ಅಪ್ಪಣೆ ಪಡೆದು, ಮನೆಯವರನ್ನೆಲ್ಲ ಕೂಡಿಸಿ, ಸೊಸೆಯಿಂದ ಹಿಡಿದು ಹೊಲದ ಆಳಿನವರೆಗೆ ಎಲ್ಲರ ಮುಂದೆ ಕೈಮುಗಿದು ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳಿ, ಅನ್ನ ಬಿಟ್ಟರಂತೆ. ಆಮೇಲೆ ಹಾಲು ಬಿಟ್ಟರು. ಕೊನೆಗೆ ಬರೀ ನೀರು. ಭೂಪಾಲಣ್ಣ ಇದನ್ನೆಲ್ಲ ಫೋನಿನಲ್ಲಿ ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯೂ ಇರುತ್ತಿತ್ತು, ಸಂಕಟವೂ ಇರುತ್ತಿತ್ತು.

"ಅವ್ವಾಗ ಒಂದಽ ಆಶಾ ಉಳದೈತ್ರಿ ಅಕ್ಕಾರ. ಕಡೀ ಉಸರಿನಾಗ ಣಮೋಕಾರ ಮಂತ್ರ ನನ್ನ ಬಾಯಿಂದನಽ ಕೇಳಬೇಕಂತ. ಆಶಾ ಇಟ್ಕೋಬಾರ್ದು ಅಂತ ಮುನಿಗಳು ಅಂದ್ರು. ಇದೊಂದು ಬಿಡಾಕ ಆಗವಲ್ದು ಸ್ವಾಮಿ ಅಂದ್ಲಂತ."

ದಿನಾ ಬೆಳಗಿನ ಐದಕ್ಕೆ, ಡ್ಯೂಟಿಗೆ ಹೊರಡುವ ಮುಂಚೆ, ತಾಯಿಯ ಕಿವಿಯ ಹತ್ತಿರ ಕೂತು ಮಂತ್ರ ಹೇಳಿ ಬರುತ್ತಿದ್ದರು. ಮಧ್ಯಾಹ್ನ ಮನೆಗೆ ಹೋದವರು ಮತ್ತೆ ಕೂರುತ್ತಿದ್ದರು. ನುರಿಸುವಿಕೆ ಜೋರಾಗಿದ್ದ ದಿನಗಳು, ಪೂರ್ತಿ ರಜೆ ಕೇಳಲು ಅವರಿಗೇ ಮನಸ್ಸು ಬರಲಿಲ್ಲ. ತಾಯಿಯೂ ಹೋಗಪಾ ಎಂದೇ ಕಳಿಸುತ್ತಿದ್ದರಂತೆ. ಮನೆಯಿಂದ ಕಾರ್ಖಾನೆಗೆ ಮೋಟರ್ ಸೈಕಲಿನ ಮೇಲೆ ಮುಕ್ಕಾಲು ತಾಸು. ಫೋನು ಬಂದರೆ ಹೊರಟುಬಿಡುವುದು ಎಂದು ಮ್ಯಾನೇಜರಿಗೆ ಮೊದಲೇ ಹೇಳಿಟ್ಟಿದ್ದರು. ನನಗೂ ಹೇಳಿದ್ದರು. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಎಲ್ಲ ಗೊತ್ತಿತ್ತು.

ಆ ದಿನ ಶುಕ್ರವಾರ. ಕಾರ್ಖಾನೆಯ ಇಂಟರ್ನೆಟ್ ಲೈನಿನ ವಿಳಾಸ ಬದಲಾಗಿತ್ತು. ಹೊಸ ವಿಳಾಸವನ್ನು ಸರ್ವರಿನಲ್ಲಿ ಬರೆದು, ಅದರ ನೆಟ್‌ವರ್ಕ್ ಕೊಂಡಿಯನ್ನು ಒಮ್ಮೆ ಇಳಿಸಿ ಏರಿಸಬೇಕಿತ್ತು. ಅವಸರವೇನೂ ಇರಲಿಲ್ಲ. ಹಳೆಯ ವಿಳಾಸ ಸೋಮವಾರದವರೆಗೂ ನಡೆಯುತ್ತಿತ್ತು. ಆದರೆ ಶನಿವಾರ ನಿಪ್ಪಾಣಿಯಲ್ಲಿ ನನ್ನ ಚಿಕ್ಕಮ್ಮನ ಮಗಳ ನಿಶ್ಚಯ, ಅಲ್ಲಿ ಸೀರೆ ಉಟ್ಟುಕೊಂಡು ನಿಶ್ಚಿಂತೆಯಿಂದ ತಿರುಗಾಡುವ ಆಸೆ ನನಗೆ.

ಹನ್ನೆರಡೂವರೆಗೆ ಭೂಪಾಲಣ್ಣನ ಫೋನು ಬಂತು. "ಅಕ್ಕಾರ, ಮನಿಯಿಂದ ಹೇಳಿ ಕಳಿಸ್ಯಾರ. ಇವತ್ತ ಹೊತ್ತು ಮುಳುಗೂದ್ರೊಳಗ ಅಂತ ಮುನಿಗಳು ಅಂದಾರಂತ. ಒಂದೂವರಿಗೆ ಬದಲಿ ಕ್ಲಾರ್ಕ ಬರ್ತಾನ, ಬಂದಕೂಡ್ಲೆ ನಾ ಹೊಂಡ್ತೇನಿ. ನಿಮ್ಮ ಆ ಕೆಲಸ ಇವತ್ತ ಬ್ಯಾಡ್ರಿ. ನಾ ಇಲ್ಲದಾಗ ಮಾಡಬ್ಯಾಡ್ರಿ."

"ನೀವು ಹೋಗ್ರಿ ಅಣ್ಣಾರ, ಅವ್ವನ ಕಡೆ ಲಕ್ಷ್ಯ ಇಡ್ರಿ. ಇದೇನು ಎರಡ ನಿಮಿಷದ ಕೆಲಸ. ನಿಮ್ಮನ್ನ ಕರ್ಯೂ ಪ್ರಸಂಗ ಬರೂದಿಲ್ಲ" ಎಂದೆ.

ಎಷ್ಟು ಸೊಕ್ಕಿನ ಮಾತು! ಅವರು ಸಹಾಯಕ್ಕೆ ಬೇಕೇ ಬೇಕು ಎಂದು ಒಪ್ಪಿಕೊಂಡರೆ ನನ್ನ ಜಾಣತನಕ್ಕೆ ಕುಂದು.

ಕೊಂಡಿ ಇಳಿಸಿ ಏರಿಸಲು ಎರಡು ಆಜ್ಞೆ. ಇಫ್‌ಡೌನ್ ಅಂದರೆ ಇಳಿಸು, ಇಫ್‌ಅಪ್ ಅಂದರೆ ಏರಿಸು. ಯಂತ್ರದ ಮುಂದೆಯೇ ಕೂತವರು ಒಂದಾದ ಮೇಲೊಂದು ಹೊಡೆದರೆ ನಡೆಯುತ್ತದೆ. ದೂರದಿಂದ ಕೆಲಸ ಮಾಡುವವರು ಮಾತ್ರ ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸಿ ಬರೆದು, ಆಮೇಲೆ ಎಂಟರ್ ಒತ್ತಬೇಕು. ಯಾಕೆಂದರೆ ನಮ್ಮ ಮಾತು ಆ ಯಂತ್ರಕ್ಕೆ ಮುಟ್ಟುವುದೇ ಆ ಕೊಂಡಿಯಿಂದ. ಅದನ್ನು ಇಳಿಸಿಬಿಟ್ಟ ಮೇಲೆ ಏರು ಎಂದು ಹೇಳಲು ದಾರಿ ಎಲ್ಲಿದೆ? ನೀರು ಸೇದುವವಳು ಕೊಡದ ಜೊತೆ ಹಗ್ಗವನ್ನೂ ಬಾವಿಗೆ ಬಿಟ್ಟ ಹಾಗೆ. ಇದು ಈ ಕೆಲಸದ ಮೊದಲ ಪಾಠ. ನಾನೇ ಇಬ್ಬರು ಹೊಸಬರಿಗೆ ಗದರಿಸಿ ಕಲಿಸಿದ್ದೆ.

ಊಟ ಮುಗಿಸಿ, ಡಬ್ಬಿ ತೊಳೆದಿಟ್ಟು, ನಾಳೆ ಯಾವ ಸೀರೆ ಎಂದು ತಂಗಿಯ ಜೊತೆ ಫೋನಿನಲ್ಲಿ ವಾದ ಮಾಡುತ್ತಲೇ ಇಫ್‌ಡೌನ್ ಎಂದು ಬರೆದು ಎಂಟರ್ ಒತ್ತಿದೆ. ಒತ್ತಿದ ಬೆರಳು ಇನ್ನೂ ಮೇಲೇಳುವ ಮೊದಲೇ ಗೊತ್ತಾಯಿತು. ಪರದೆ ಹಾಗೇ ನಿಂತುಬಿಟ್ಟಿತು. ಗಡಿಯಾರದಲ್ಲಿ ಒಂದೂ ನಲವತ್ತಾರು.

ಬದಲಿಗೆ ಬಂದ ಕ್ಲಾರ್ಕನಿಗೆ ಸರ್ವರಿನ ಗಂಧವೇ ಇರಲಿಲ್ಲ, ಭೂಪಾಲಣ್ಣನ ಮೊಬೈಲಿಗೇ ಫೋನು ಹಚ್ಚಿದೆ. ಅವರು ಗೇಟಿನಲ್ಲಿದ್ದರು. ಮೋಟರ್ ಸೈಕಲ್ ಶುರು ಮಾಡಿದ್ದರು, ಅದರ ಸದ್ದು ನನಗೆ ಕೇಳುತ್ತಿತ್ತು.

"ಅಣ್ಣಾರ, ಲೈನ್ ಬಿದ್ದೈತ್ರಿ."

"ಅಯ್ಯ! ಹೆಂಗ್ರಿ?"

"ಏನೋ ಗೊತ್ತಿಲ್ಲ. ತಾನಽ ಬಿದ್ದೈತಿ. ಒಂದ ಐದ ನಿಮಿಷ ಒಳಗ ಹೋಗಿ ಒಂದ ಸಾಲು ಹೊಡದ್ರ ಸಾಕ್ರಿ."

ನಾನು ಇನ್ನೊಂದು ಮಾತು ಹೇಳಬಹುದಿತ್ತು. ನೀವು ಹೋಗಿ, ಗಾಡಿ ಮಾಡಿಕೊಂಡು ನಾನೇ ಬರುತ್ತೇನೆ, ಎರಡು ತಾಸು ಕಾಟಾ ನಿಂತರೆ ನಿಲ್ಲಲಿ, ಮ್ಯಾನೇಜರ್ ಬೈದರೆ ನಾನು ಬೈಸಿಕೊಳ್ಳುತ್ತೇನೆ ಎಂದು. ಹಾಗೆಂದಿದ್ದರೆ ಯಾಕೆ ಬಿತ್ತು ಎಂದು ಎಲ್ಲರ ಮುಂದೆ ಹೇಳಬೇಕಾಗುತ್ತಿತ್ತು. ಮೋಟರ್ ಸೈಕಲಿನ ಸದ್ದು ನಿಂತಿತು. "ಬಂದೆ, ತಡೀರಿ" ಎಂದರು ಭೂಪಾಲಣ್ಣ.

ಸರ್ವರ್ ಕೋಣೆಯ ಕೀಲಿ ಸೆಕ್ಯುರಿಟಿಯವರ ಹತ್ತಿರ, ಅವರು ಊಟಕ್ಕೆ ಹೋಗಿದ್ದರು. ಕೀಲಿ ಸಿಕ್ಕು ಭೂಪಾಲಣ್ಣ ಯಂತ್ರದ ಮುಂದೆ ಕೂತಾಗ ಎರಡು ದಾಟಿತ್ತು. ಇಚಲಕರಂಜಿಯ ಐ, ಫುಟಾಣಿಯ ಎಫ್, ಉಗಾರದ ಯು, ಪುಣೆಯ ಪಿ ಎಂದೆ. ಅವರು ಒಬ್ಬೊಬ್ಬರನ್ನೇ ಕರೆದಂತೆ ಅಕ್ಷರಗಳನ್ನು ಹೇಳುತ್ತ ಒತ್ತಿದರು. ಕೊಂಡಿ ಏರಲಿಲ್ಲ. ಏನೋ ತಪ್ಪು ಎಂದು ಪರದೆಯ ಮೇಲೆ ಬಂತು.

ಯಾರು ಎಷ್ಟು ಹೊತ್ತಿಗೆ ಯಾವ ಆಜ್ಞೆ ಕೊಟ್ಟರು, ಅದಕ್ಕೆ ಏನಾಯಿತು ಎಂದು ಯಂತ್ರ ಸಾಲುಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ತಪ್ಪು ಎಲ್ಲಿದೆ ತಿಳಿಯಬೇಕಲ್ಲ, ಆ ದಾಖಲೆಯ ಕಡೆಯ ಹತ್ತು ಸಾಲು ತೆಗೆದು ಓದಿ ಎಂದುಬಿಟ್ಟೆ. ಅವರು ಓದತೊಡಗಿದ ಮೇಲೆ ಹೊಳೆಯಿತು: ಅದರಲ್ಲಿ ನನ್ನ ಹೆಸರಿದೆ.

"ಒಂದು ಗಂಟಿ ನಲವತ್ನಾಲ್ಕು... ಶೋಭಾ... ಫೈಲ್ ಬರದಾರ. ಒಂದು ಗಂಟಿ ನಲವತ್ತಾರು..." ಎಂದು ನಿಲ್ಲಿಸಿದರು.

ಭೂಪಾಲಣ್ಣನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ನಿಜ. ಆದರೆ ಆ ನಾಲ್ಕಾರು ಅಕ್ಷರಗಳನ್ನು ಎರಡು ಹಂಗಾಮು ನನ್ನ ಬಾಯಿಂದ ಕೇಳಿ ಕೇಳಿ ಒತ್ತಿದವರು. ಏರಿಸುವುದು ಯಾವುದು ಇಳಿಸುವುದು ಯಾವುದು ಅವರಿಗೆ ನನ್ನಷ್ಟೇ ಗೊತ್ತಿತ್ತು.

"ನಲವತ್ತಾರಕ್ಕ ಏನೈತ್ರಿ?" ಎಂದೆ. ಯಾಕೆ ಕೇಳಿದೆನೋ, ಬಾಯಿ ತಡೆಯಲಿಲ್ಲ.

"ಅದೇನಿಲ್ರಿ. ಮುಂದಿಂದು ಓದತೇನಿ" ಎಂದರು. ಓದಿದರು.

ನಾನು ಬರೆದ ಹೊಸ ವಿಳಾಸದಲ್ಲೇ ಒಂದು ಚುಕ್ಕೆ ಬಿಟ್ಟುಹೋಗಿತ್ತು. ಅದನ್ನು ತಿದ್ದಬೇಕು. ಫೈಲು ತೆರೆಯಲು, ಸರಿಯಾದ ಸಾಲಿಗೆ ಇಳಿಯಲು, ಒಂದು ಚುಕ್ಕೆ ಇಟ್ಟು ಉಳಿಸಲು, ನಾನಾದರೆ ಕಣ್ಣು ಮಿಟುಕಿಸುವುದರಲ್ಲಿ ಮಾಡುವ ಕೆಲಸವನ್ನು ಅವರು ಅಕ್ಷರ ಅಕ್ಷರವಾಗಿ ಮಾಡುತ್ತಿದ್ದರು. ಒಮ್ಮೆ ತಪ್ಪಿ ಇಡೀ ಸಾಲು ಅಳಿಸಿಹೋಯಿತು. ಮತ್ತೆ ಮೊದಲಿನಿಂದ.

ಅಷ್ಟರಲ್ಲಿ ಅವರ ಮೊಬೈಲ್ ರಿಂಗಾಯಿತು. "ಮನಿಯಿಂದ್ರಿ" ಎಂದರು.

"ಇನ್ನೊಂದಽ ಸಾಲು ಅಣ್ಣಾರ" ಎಂದೆ.

ರಿಂಗು ನಿಂತಿತು. ಹೊರಗೆ ಟ್ರ್ಯಾಕ್ಟರಿನವರ ಹಾರ್ನು ಶುರುವಾಗಿತ್ತು. ಯಾರೋ ಕೋಣೆಗೇ ಬಂದು, "ಕಬ್ಬು ಒಣಗಾಕತ್ತೈತ್ರೀ ಪಾಟೀಲ್ರ, ಇನ್ನೂ ಎಷ್ಟೊತ್ತು?" ಎಂದು ಕೂಗಿದರು. ಮೊಬೈಲ್ ಎರಡನೆಯ ಸಲ ರಿಂಗಾಯಿತು.

"ಅಕ್ಕಾರ, ಎತ್ತಲೇನ್ರಿ?"

ನನ್ನ ಕೇಳಿದರು ಅವರು! ಹೆತ್ತ ತಾಯಿಯ ಸುದ್ದಿ ಬಂದ ಫೋನು ಎತ್ತಲೇ ಎಂದು ನನ್ನ ಅಪ್ಪಣೆ ಕೇಳಿದರು. ನಾನು ಏನೆಂದೆ ಗೊತ್ತೇ? "ಈಗ ಬಿಟ್ರ ಮತ್ತ ಮೊದಲಿಂದ ಆಗತೈತ್ರಿ. ಚುಕ್ಕಿ ಇಟ್ಟ ಬಿಡ್ರಿ ಮೊದ್ಲ."

ಚುಕ್ಕೆ ಇಟ್ಟರು. ಮೂರನೆಯ ಸಲ ರಿಂಗಾದಾಗ ಮೂರು ಗಂಟೆಯಾಗಿತ್ತು, ಅವರು ನನ್ನನ್ನು ಕೇಳಲಿಲ್ಲ. ಕೋಣೆಯ ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿತು.

"ಹಾಂ... ಹೇಳ. ...ಯಾವಾಗ? ...ಯಾರು ಹೇಳಿದ್ರು ಮಂತ್ರ? ...ಆತು. ಬರ್ತೇನಿ."

ಕಿವಿಗೆ ಫೋನು ಒತ್ತಿಕೊಂಡು ಕೂತಿದ್ದೆ. ದೇವರೇ, ಈ ಮನುಷ್ಯ ನನ್ನನ್ನು ಬೈಯಲಿ, ಬಾಯಿಗೆ ಬಂದದ್ದೆಲ್ಲ ಅನ್ನಲಿ ಎಂದುಕೊಂಡೆ. ಅವರು ಫೋನು ಎತ್ತಿಕೊಂಡರು.

"ಮುಂದಿನ ಅಕ್ಷರ ಹೇಳ್ರಿ ಅಕ್ಕಾರ."

"ಅಣ್ಣಾರ, ಅವ್ವ..."

"ಹೋದ್ಲರಿ. ಕಾಲು ತಾಸಾತಂತ. ನೀವು ಮುಂದಿನ ಅಕ್ಷರ ಹೇಳ್ರಿ."

"ನೀವು ಹೋಗ್ರಿ ಅಣ್ಣಾರ, ಬಿಡ್ರಿ ಇದನ್ನ!"

"ಈಗ ಹೋಗಿ ಏನ ಮಾಡ್ಲಿ?" ಎಂದರು. ಸಿಟ್ಟಿಲ್ಲ, ಏನಿಲ್ಲ, ದಾರಿ ಕೇಳಿದಷ್ಟು ಸಾದಾ ದನಿ. "ಮಂದಿ ಬಿಸಲಾಗ ನಿಂತಾರ. ಮುಗಸೂಣು, ಹೇಳ್ರಿ."

ಹೇಳಿದೆ. ಇಚಲಕರಂಜಿ, ಫುಟಾಣಿ, ಉಗಾರ, ಪುಣೆ. ಉಗಾರವನ್ನು ಅವಸರದಿಂದ ದಾಟಿಬಿಟ್ಟೆ. ಅವರೂ ಹಿಂದಿನಿಂದ ಉಗಾರದ ಯು ಎಂದು ಒತ್ತಿದರು. ನನ್ನ ಪರದೆಯ ಮೇಲೆ ಯಂತ್ರ ಮತ್ತೆ ಉತ್ತರ ಕೊಡತೊಡಗಿತು. ಅಲ್ಲಿ ಕಾಟಾ ಶುರುವಾಗಿ ಜನ ಹೋ ಎಂದದ್ದು ಫೋನಿನಲ್ಲೇ ಕೇಳಿತು. ಭೂಪಾಲಣ್ಣ, "ಆತಲ್ರಿ? ಬರ್ಲ್ಯಾ?" ಎಂದು ಕೇಳಿ ಹೋದರು.

ಮರುದಿನ ನಿಶ್ಚಯಕ್ಕೆ ಹೋದೆ. ಹೌದು, ಹೋದೆ. ಸೀರೆಯನ್ನೂ ಉಟ್ಟೆ. ಭಾನುವಾರ ಉಗಾರ ಬುದ್ರುಕಕ್ಕೆ ಹೋಗುವ ಧೈರ್ಯ ಬಂತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ್ದೆ: ಅಣ್ಣಾರ, ಲೈನು ತಾನಾಗಿ ಬೀಳಲಿಲ್ಲ, ನಾನು ಬೀಳಿಸಿದೆ.

ಮನೆಯಲ್ಲಿ ಅಳುವವರಿರಲಿಲ್ಲ. ವ್ರತದಿಂದ ಹೋದವರಿಗೆ ಅಳಬಾರದಂತೆ, ಅದು ಸಮಾಧಿಮರಣ, ಮನೆತನಕ್ಕೇ ಪುಣ್ಯ. ಬಂದವರೆಲ್ಲ ಚಂಪವ್ವ ಭಾಗ್ಯವಂತಳು ಎಂದು ಕೈಮುಗಿಯುತ್ತಿದ್ದರು. ಭೂಪಾಲಣ್ಣ ಬಿಳಿ ಬಟ್ಟೆಯಲ್ಲಿ ಗೋಡೆಗೆ ಕೂತು ಎಲ್ಲರಿಗೂ ಹೌದ್ರಿ ಹೌದ್ರಿ ಎನ್ನುತ್ತಿದ್ದರು. ಅಳಲೂ ಬಾರದ ಆ ಮುಖ ನೋಡಿ ನನ್ನ ಬಾಯಿಪಾಠವೆಲ್ಲ ಮರೆತುಹೋಯಿತು.

ಅವರ ಹೆಂಡತಿ ಸುಜಾತಾ ವೈನಿ ನನ್ನನ್ನು ಅಡುಗೆಮನೆಗೆ ಕರೆದು ನೀರು ಕೊಟ್ಟರು. ನಾನು ಯಾರೆಂದು ಗೊತ್ತಾಗಿ ಕೈ ಹಿಡಿದುಕೊಂಡರು. "ನಿಮ್ಮ ಹೆಸರು ಭಾಳ ಹೇಳ್ತಿರತಾರ್ರಿ ಇವರು. ಆವತ್ತ ಅತ್ತಿ ಮೂರು ಸಲ ಕೇಳಿದ್ರು, ಭೂಪಾಲ ಬಂದ್ನೇನ ಅಂತ. ಬರಾಕತ್ತಾನ, ದಾರ್ಯಾಗ ಅದಾನ ಅಂದ್ವಿ. ಕಣ್ಣು ಬಾಗಲದ ಕಡೇನಽ ಇಟ್ಟಿದ್ರು. ಕಡೀಕ ನನ್ನ ಮಗಳು ಹೇಳಿದ್ಲು ಣಮೋಕಾರ. ಕೇಳಿಸ್ತೋ ಇಲ್ಲೋ. ಪಾಪ, ಆವತ್ತಽ ಆ ಮಶೀನ ಕೆಡಬೇಕಾ? ನಮ್ಮ ನಸೀಬ್ರಿ, ಯಾರೇನ ಮಾಡ್ತಾರ?"

ಆ ಮಶೀನನ್ನು ಕೆಡಿಸಿದ ಕೈಯನ್ನೇ ಆಕೆ ಹಿಡಿದುಕೊಂಡಿದ್ದರು. ನಾನು ನೀರು ಕುಡಿದು ಲೋಟ ಬೋರಲು ಹಾಕಿ ಬಂದೆ.

ಸೋಮವಾರ ವರದಿ ಬರೆಯಬೇಕಿತ್ತು. ಲೈನು ಯಾಕೆ ಬಿತ್ತು ಎಂಬ ಜಾಗದಲ್ಲಿ ಕಾರಣ ತಿಳಿದಿಲ್ಲ ಎಂದು ಬರೆದು ಕಾರ್ಖಾನೆಗೆ ಕಳಿಸಿದೆ. ಅಲ್ಲಿಂದ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ಸಹಿ ಆಗಿ ವಾಪಸು ಬಂತು. ಬಿ. ಎ. ಪಾಟೀಲ ಎಂದು ದುಂಡಗಿನ ಕನ್ನಡ ಅಕ್ಷರ. ಏನೂ ಗೊತ್ತಿಲ್ಲದವರಾಗಿದ್ದರೆ, ತಾಯಿಯ ಕಡೆಯ ಗಳಿಗೆ ತಪ್ಪಿಸಿದ ಆ ಕಾರಣವೇನೆಂದು ಒಂದು ಸಲವಾದರೂ ನನ್ನನ್ನು ಕೇಳುತ್ತಿದ್ದರು. ಆ ಕಾಗದ ನೋಡಿದಾಗ ನನಗೆ ಖಾತ್ರಿಯಾಯಿತು, ಅವರು ಆ ಸಾಲು ಓದಿದ್ದಾರೆ. ಓದಿಯೂ ನನ್ನ ಹೆಸರು ಯಾರ ಮುಂದೆಯೂ ಎತ್ತಿಲ್ಲ.

ಹಂಗಾಮು ಮುಗಿಯುವವರೆಗೆ ನಮ್ಮ ಮಾತು ಕೆಲಸದಷ್ಟೇ ಉಳಿಯಿತು. ಅವರು ಬದಲಾಗಲಿಲ್ಲ, ಅದೇ ಅಕ್ಕಾರ, ಅದೇ ಊರುಗಳ ಹೆಸರು. ನಗು ಮಾತ್ರ ಇರಲಿಲ್ಲ. ದಿನಾ ಇವತ್ತು ಹೇಳುತ್ತೇನೆ ಎಂದುಕೊಳ್ಳುವುದು, ಫೋನು ಇಟ್ಟ ಮೇಲೆ ನಾಳೆ ಎನ್ನುವುದು. ಚಿಮಣಿಯ ಹೊಗೆ ನಿಂತಿತು, ಬೇಸಿಗೆ ಬಂತು, ಕೃಷ್ಣೆಗೆ ಹೊಸ ನೀರು ಬಂತು. ನಾನು ಬೇರೆ ಕೆಲಸ ಹಿಡಿದು ನಿಪ್ಪಾಣಿಗೆ ಹೋದೆ. ಹೋಗುವಾಗ ಅವರಿಗೆ ಒಂದು ಫೋನನ್ನೂ ಮಾಡಲಿಲ್ಲ.

ಭಾದ್ರಪದದ ಒಂದು ಮಧ್ಯಾಹ್ನ ಅವರೇ ಮಾಡಿದರು. ಜೈನರ ಹತ್ತು ದಿನದ ಪರ್ವ ಮುಗಿದು ಕ್ಷಮಾವಾಣಿಯ ದಿನ. ಅಂದು ಅವರು ಬಂಧುಗಳಿಗೆ, ಸ್ನೇಹಿತರಿಗೆ, ಪರಿಚಯದವರಿಗೆಲ್ಲ ಕ್ಷಮೆ ಕೇಳುತ್ತಾರೆ, ಕ್ಷಮೆ ಕೊಡುತ್ತಾರೆ. ಹೊರಗೆ ಜಿಟಿಜಿಟಿ ಮಳೆ.

"ಅಕ್ಕಾರ, ನಾ ಭೂಪಾಲ್ರಿ. ಈ ವರ್ಷದಾಗ ನನ್ನಿಂದ ಏನರ ತಪ್ಪಾಗಿದ್ರ, ಮಾತನ್ಯಾಗ ಆಗ್ಲಿ ಮನಸನ್ಯಾಗ ಆಗ್ಲಿ, ಕ್ಷಮಾ ಮಾಡ್ರಿ."

"ಅಯ್ಯ, ನಿಮ್ದೇನ ತಪ್ಪು ಅಣ್ಣಾರ" ಎಂದೆ.

"ಮನಸನ್ಯಾಗ ಆಗೈತ್ರಿ" ಎಂದರು. "ಎರಡ ತಿಂಗಳು ನಿಮ್ಮ ಮ್ಯಾಲ ಸಿಟ್ಟ ಇಟ್ಕೊಂಡಿದ್ನಿ. ಇಟ್ಕೋಬಾರದಿತ್ತು. ಅವ್ವ ಇದ್ದಿದ್ರ ಬೈತಿದ್ಲು."

ಯಾಕೆ ಸಿಟ್ಟು ಎಂದು ನಾನು ಕೇಳಲಿಲ್ಲ. ಅವರು ಮೆಲ್ಲಗೆ, "ನಿಮಗೂ ಏನರ ಹೇಳೂದೈತೇನ್ರಿ ಅಕ್ಕಾರ?" ಎಂದರು.

ಅಷ್ಟು ಹಗುರಾಗಿ ಬಾಗಿಲು ತೆರೆದು ನಿಂತಿದ್ದರು ಆ ಪುಣ್ಯಾತ್ಮ. ಒಂದೇ ಮಾತು ಬೇಕಿತ್ತು. ಅದೂ ಅವರಿಗೆ ಗೊತ್ತಿದ್ದ ಮಾತೇ, ನನ್ನ ಬಾಯಿಂದ ಬರಲಿ ಎಂದಷ್ಟೇ ಕಾದಿದ್ದರು. ನನ್ನ ನಾಲಗೆಯ ತುದಿಗೆ ಬಂದಿತ್ತು.

"ನನ್ದೇನಿಲ್ರಿ ಅಣ್ಣಾರ" ಎಂದೆ. "ಎಲ್ಲಾ ಆರಾಮ."

"ಏನೂ ಇಲ್ಲ?"

"ಏನೂ ಇಲ್ರಿ."

"ಆತ್ರಿ" ಎಂದರು. ಆದರೆ ಫೋನು ಇಡಲಿಲ್ಲ. ಅವರ ಉಸಿರು ಕೇಳುತ್ತಿತ್ತು, ಅವರ ಮನೆಯ ಹಂಚಿನ ಮೇಲೆ ಬೀಳುವ ಮಳೆ ಕೇಳುತ್ತಿತ್ತು. ಎಷ್ಟು ಹೊತ್ತು ಹಾಗೆ ಕಾದರೋ ಲೆಕ್ಕವಿಲ್ಲ. ಕಡೆಗೆ ನಾನೇ ಇಟ್ಟೆ.